ಮುಂಜ, ಮೃಣಾಲವತಿ ಮತ್ತು ಬೆಳಕಿನ ವೇಗ: ಚಾಲುಕ್ಯರ ಕಾಲವನ್ನು ನಕ್ಷತ್ರಗಳಿಗೆ ಒಯ್ದರೆ?

ಬೆಳ್ವೊಲದವ, ಗದಗ

ಕನ್ನಡದಲ್ಲಿ ಒಂದು ಸ್ಪೇಸ್ ಒಪೆರಾ ಬರೆಯುತ್ತಿದ್ದೇನೆ. ಸಿಂಹಾಸನದ ಜಗಳ, ಪ್ರೀತಿ, ಸಾಮ್ರಾಜ್ಯ, ಆಕಾಶನೌಕೆ, ಎಲ್ಲ ಇದೆ. ಅರ್ಧ ಬರೆದು ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೂಲ ಕಥೆ ನಮ್ಮ ಕಡೆಯದೇ. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಶುರು ಮಾಡಿದ. ಮಾಳವದ ಪರಮಾರ ಅರಸ ಮುಂಜನಿಗೂ ಅವನಿಗೂ ಸದಾ ಕಾದಾಟ. ಕೊನೆಗೊಮ್ಮೆ ಮುಂಜ ಗೋದಾವರಿ ದಾಟಿ ಬಂದ. ದಾಟಬೇಡಿ ಅಂತ ಮಂತ್ರಿ ರುದ್ರಾದಿತ್ಯ ಹೇಳಿದ್ದ. ಇವನು ಕೇಳಲಿಲ್ಲ, ಸೆರೆ ಸಿಕ್ಕ. ಸೆರೆಯಲ್ಲಿ ತೈಲಪನ ಸೋದರಿ ಮೃಣಾಲವತಿಗೂ ಅವನಿಗೂ ಪ್ರೀತಿ ಆಯಿತು. ಮಾಳವದ ಜನ ಸುರಂಗ ತೋಡಿದರು. ನೀನೂ ಬಾ ಅಂದ ಮುಂಜ. ಆಕೆ ಹೋಗಿ ತೈಲಪನಿಗೆ ಹೇಳಿಬಿಟ್ಟಳು. ಅವನನ್ನು ಮನೆ ಮನೆ ಭಿಕ್ಷೆ ಬೇಡಿಸಿ ಕೊಂದರು.

ನನ್ನ ಕಥೆಯಲ್ಲಿ ತೈಲಪನ ಕುಂತಳ, ಮುಂಜನ ಮಾಳವ ಎರಡು ನಕ್ಷತ್ರ ಸಾಮ್ರಾಜ್ಯ. ನಡುವೆ 20 ಬೆಳಕಿನ ವರ್ಷದ, ಅಂದರೆ ಬೆಳಕೇ ದಾಟಲು 20 ವರ್ಷ ಹಿಡಿಯುವ ಖಾಲಿ ಜಾಗ. ಅದಕ್ಕೆ ಗೋದಾವರಿ ಅಂತಲೇ ಹೆಸರಿಟ್ಟಿದ್ದೇನೆ.

ತೊಡಕು ಒಂದು: ಇಷ್ಟು ದೂರದ ರಾಜ್ಯವನ್ನು ಆಳುವುದು ಹೇಗೆ? ಇಂಗ್ಲಿಷಿನ ಇಂಥ ಕಥೆಗಳಲ್ಲಿ ಜಾಸ್ತಿ ಕಾಣುವುದು ರೋಮ್. ಸೆನೆಟ್, ಗವರ್ನರ್, ಲೀಜನ್. ಅದು ನನ್ನ ಕೈಗೆ ಹತ್ತುತ್ತಿಲ್ಲ. ಎರಡು: ಆಕೆ ಯಾಕೆ ಹೇಳಿಬಿಟ್ಟಳು?

ಸುಮ್ನೆ ಓದುವವ, ಹುಬ್ಬಳ್ಳಿ

ಅರಸರ ಕಥೆ ಬರೆಯಬೇಕು ಅಂದರೆ ಐತಿಹಾಸಿಕ ಕಾದಂಬರಿ ಬರೆಯಿರಿ. ಸೈನ್ಸ್ ಬೇಕು ಅಂದರೆ ಸೈನ್ಸ್ ಬರೆಯಿರಿ. ಕಿರೀಟ ಇಟ್ಟುಕೊಂಡು ರಾಕೆಟ್ ಹತ್ತಿದರೆ ಯಾರು ನಂಬುತ್ತಾರೆ?

ಹಾನಗಲ್ ಅಕ್ಕ

ಯಾಕೆ ನಂಬಬಾರದು? ಪಂಪ ಮಾಡಿದ್ದೇನು? ವೇಮುಲವಾಡದ ಅರಿಕೇಸರಿಯನ್ನು ಎತ್ತಿ ಮಹಾಭಾರತದ ಅರ್ಜುನನ ಜಾಗದಲ್ಲಿ ಕೂರಿಸಿದ. ರನ್ನ ಬಂದು ಚಾಲುಕ್ಯರ ಸತ್ಯಾಶ್ರಯನನ್ನು ಭೀಮ ಮಾಡಿದ. ತಮ್ಮ ಕಾಲದ ಅರಸನನ್ನು ಸಾವಿರಾರು ವರ್ಷ ಆಚೆಗಿನ ಯುದ್ಧದಲ್ಲಿ ನಿಲ್ಲಿಸಿದರು, ಜನ ಕೇಳಿದರು. ಇವರು ಹಿಂದಕ್ಕೆ ಒಯ್ದರು, ಈ ತಮ್ಮ ಮುಂದಕ್ಕೆ ಒಯ್ಯುತ್ತಿದ್ದಾನೆ. ಅಷ್ಟೇ ಫರಕು.

ತಮ್ಮಾ, ಒಂದು ಮಾತು ಮೊದಲೇ ತಿಳಿದಿರಲಿ. ಮೃಣಾಲವತಿಯ ಕಥೆ ನಮಗೆ ಸಿಗುವುದು ಮೇರುತುಂಗ ಎಂಬ ಜೈನ ಪಂಡಿತನಿಂದ. ಗುಜರಾತಿನವನು. ಅವನು ಪ್ರಬಂಧ ಚಿಂತಾಮಣಿ ಮುಗಿಸಿದ್ದು 1304ರ ಸುಮಾರಿಗೆ. ಮುಂಜ ಸತ್ತು ಆಗಲೇ 300 ವರ್ಷ ಆಗಿತ್ತು. ತೈಲಪ ಮುಂಜನನ್ನು ಕೊಂದ ಮಾತು ಚಾಲುಕ್ಯರ ಶಾಸನಗಳಲ್ಲೂ ಬರುತ್ತದೆ. ಪ್ರೀತಿ, ಸುರಂಗ, ಭಿಕ್ಷೆ, ಇವೆಲ್ಲ ಮೇರುತುಂಗನವು. ಮುಂಜನ ಮೇಲೆ ಕನಿಕರ ಇದ್ದವರು ಹೇಳಿಕೊಂಡು ಬಂದ ಕಥೆ ಅದು. ಆಕೆಯ ಕಡೆಯ ಮಾತನ್ನು ಯಾರೂ ಬರೆದಿಟ್ಟಿಲ್ಲ. ನಿನಗೆ ಇರುವ ಜಾಗ ಅದೇ.

ಗುತ್ತಲ ಹುಡುಗ, ಹಾವೇರಿ

ಆಳುವ ತೊಡಕಿಗೆ ಉತ್ತರ ನಮ್ಮ ಊರಲ್ಲೇ ಇದೆ ಅಣ್ಣಾ. ಸಾಮಂತರನ್ನು ತಗೊಳ್ಳಿ.

ಗುತ್ತಲದ ಗುತ್ತರು ಚಾಲುಕ್ಯರ ಕೈಕೆಳಗಿನ ಸಣ್ಣ ಅರಸರು. ಆಳುತ್ತಿದ್ದದ್ದು ತುಂಗಭದ್ರೆಯ ದಂಡೆ. ಚೌಡದಾನಪುರದ ಮುಕ್ತೇಶ್ವರ ಗುಡಿಯ ಶಾಸನಗಳಲ್ಲಿ ಇವರು ಸಿಗುತ್ತಾರೆ. ಬಿರುದು ಮಾತ್ರ ಏನು ಗೊತ್ತಾ? ಉಜ್ಜಯಿನಿ ಪುರವರಾಧೀಶ್ವರ, ಅಂದರೆ ಉಜ್ಜಯಿನಿಯ ಒಡೆಯ! ನಾವು ಗುಪ್ತ ಚಕ್ರವರ್ತಿಗಳ ವಂಶದವರು ಅಂತ ಅವರ ಹೇಳಿಕೆ. ಹಾನಗಲ್ಲಿನ ಕದಂಬರು ಬನವಾಸಿ ಪುರವರಾಧೀಶ್ವರರು. ಸವದತ್ತಿಯ ರಟ್ಟರು ಲತ್ತಲೂರಿನವರು. ಎಲ್ಲರಿಗೂ ಹಿಂದೊಂದು ದೊಡ್ಡ ಊರು, ದೊಡ್ಡ ವಂಶ.

ಇದನ್ನು ಆಕಾಶಕ್ಕೆ ಎತ್ತಿ. ಒಂದು ಒಣ ಉಪಗ್ರಹ. ಗಾಳಿಯೂ ಇಲ್ಲ. ಅದರ ದೊರೆ ತಾನು ಭೂಮಿಯ ಅಧೀಶ್ವರ ಅಂತ ಬಿರುದು ಹೊಗಳಿಸಿಕೊಳ್ಳುತ್ತಾನೆ. ಭೂಮಿ ಎಲ್ಲಿದೆ ಅಂತ ಅವನ ಆಸ್ಥಾನದಲ್ಲಿ ಒಬ್ಬನಿಗೂ ಗೊತ್ತಿಲ್ಲ. ನನಗಂತೂ ಈ ಪಾತ್ರ ಬೇಕೇ ಬೇಕು.

ಪ್ರಾಂತಗಳ ಹೆಸರಿಗೂ ತಲೆ ಕೆಡಿಸಿಕೊಳ್ಳಬೇಡಿ. ಬನವಾಸಿ 12000, ನೊಳಂಬವಾಡಿ 32000, ಗಂಗವಾಡಿ 96000. ಶಾಸನದಲ್ಲಿ ಹೀಗೇ ಇವೆ. ಕೇಳಿದರೆ ನಕ್ಷತ್ರ ವಲಯದ ನಂಬರ್ ಅನಿಸುವುದಿಲ್ವಾ?

ಬೆಳ್ವೊಲದವ, ಗದಗ

ಅಯ್ಯೋ, ನನ್ನ ಹೆಸರಲ್ಲೇ ಇದೆ. ಬೆಳ್ವೊಲ 300. ಪಕ್ಕದ ಲಕ್ಷ್ಮೇಶ್ವರ ಪುಲಿಗೆರೆ 300. ಭೂಮಿಯ ದೊರೆಯನ್ನು ಖಂಡಿತ ತಗೊಂಡೆ.

ಆದರೆ ಸಾಮಂತ ಯಾಕೆ ಮಾತು ಕೇಳುತ್ತಾನೆ? ಚಕ್ರವರ್ತಿ 20 ವರ್ಷದ ದಾರಿಯಲ್ಲಿದ್ದಾನೆ. ನಾನಾದರೆ ಮರುದಿನವೇ ಸ್ವತಂತ್ರ ಅಂತ ಸಾರಿಬಿಡುತ್ತಿದ್ದೆ.

ಮಾಸ್ತರ, ಧಾರವಾಡ

ಭೌತಶಾಸ್ತ್ರ ಕಲಿಸುವವನು ನಾನು, ಇತಿಹಾಸ ಅಷ್ಟಕ್ಕಷ್ಟೆ. ದೂರದ ಲೆಕ್ಕ ಮಾತ್ರ ಹೇಳುತ್ತೇನೆ.

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸುದ್ದಿ ಅದಕ್ಕಿಂತ ಬೇಗ ಹೋಗಲಾರದು. ಮಂಗಳ ಗ್ರಹಕ್ಕೇ 3ರಿಂದ 22 ನಿಮಿಷ ಬೇಕು. ಸೂರ್ಯನ ನಂತರ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಲ್ಲಿಗೆ 4.24 ವರ್ಷ. ಪ್ರಶ್ನೆ ಕೇಳಿ ಉತ್ತರ ಬರುವಷ್ಟರಲ್ಲಿ ಎಂಟೂವರೆ ವರ್ಷ. ಬರೆಯುವವರು ಇಲ್ಲಿ ಏನೋ ಒಂದು ಮಾಯದ ಬಾಗಿಲು ಇಟ್ಟು ದಾಟಿಸಿಬಿಡುತ್ತಾರೆ. ದಯವಿಟ್ಟು ಇಡಬೇಡ. ಆ ತಡವೇ ನಿನ್ನ ಬಂಡವಾಳ. ಫೋನ್ ಇದ್ದಲ್ಲಿ ಸಾಮಂತ ಬೇಕಿಲ್ಲ, ಗುಮಾಸ್ತ ಸಾಕು. ಫೋನ್ ಹೋಗದ ಕಡೆ ನಿನ್ನ ಪರವಾಗಿ ತಾನೇ ನಿರ್ಧಾರ ಮಾಡುವ ಒಬ್ಬ ದೊರೆ ಬೇಕು. ಅವನು ನಿನ್ನವನಾಗಿಯೇ ಉಳಿಯುವ ಹಾಗೆ ಏನಾದರೂ ಕಟ್ಟಬೇಕು.

ಹಾನಗಲ್ ಅಕ್ಕ

ಆ ಕಟ್ಟುಗಳ ಮಾತು ನಾನು ಹೇಳುತ್ತೇನೆ ಮಾಸ್ತರೇ.

ಒಂದು ಮರ್ಯಾದೆ. ಪಂಚಮಹಾಶಬ್ದ ಅಂದರೆ ಐದು ವಾದ್ಯ ಬಾರಿಸಿಕೊಂಡು ಹೋಗುವ ಹಕ್ಕು. ಅದನ್ನು ಚಕ್ರವರ್ತಿ ಕೊಡಬೇಕು. ಖರ್ಚಿಲ್ಲದ ಕೊಡುಗೆ, ಆದರೆ ಪಕ್ಕದ ದೊರೆಗೆ ಇದ್ದು ತನಗಿಲ್ಲ ಅಂದರೆ ಯಾರಿಗೆ ನಿದ್ದೆ ಬರುತ್ತದೆ?

ಇನ್ನೊಂದು ಮದುವೆ. ರಾಷ್ಟ್ರಕೂಟ ಅಮೋಘವರ್ಷ ಗಂಗರ ಜೊತೆ ವರ್ಷಗಟ್ಟಲೆ ಬಡಿದಾಡಿ, ಕೊನೆಗೆ ಮಗಳು ಚಂದ್ರೊಬಲಬ್ಬೆಯನ್ನು ಗಂಗ ಬೂತುಗನಿಗೆ ಕೊಟ್ಟ. ಜಗಳ ಮುಗಿಯಿತು. ಚಾಲುಕ್ಯರ ಆರನೇ ವಿಕ್ರಮಾದಿತ್ಯ ಇನ್ನೂ ಜಾಣ. ಚೋಳರು ಮನೆತನದ ವೈರಿಗಳು. ಅವರ ವೀರರಾಜೇಂದ್ರನ ಮಗಳನ್ನೇ ಮದುವೆಯಾದ. ಆಮೇಲೆ ಅಣ್ಣ ಎರಡನೇ ಸೋಮೇಶ್ವರನನ್ನು ಇಳಿಸಿ 1076ರಲ್ಲಿ ಪಟ್ಟಕ್ಕೆ ಬಂದ, 50 ವರ್ಷ ಆಳಿದ. ಶಕವರ್ಷ ಬದಿಗಿಟ್ಟು ತನ್ನ ಹೆಸರಿನಲ್ಲೇ ವರ್ಷ ಎಣಿಸಲು ಹಚ್ಚಿದ. ಗಡಿಯಾರವೇ ತನ್ನದು ಅಂದ ಹಾಗೆ! ಒಂದೊಂದು ಗ್ರಹದಲ್ಲಿ ಒಂದೊಂದು ಕಾಲ ಓಡುವ ನಿನ್ನ ಸಾಮ್ರಾಜ್ಯದಲ್ಲಿ ಇದು ಬಿರುದಿಗಿಂತ ದೊಡ್ಡ ಅಧಿಕಾರ, ನೋಡು.

ಮತ್ತೆ ಅರಮನೆಯ ಹೆಣ್ಣುಮಕ್ಕಳನ್ನು ಕಿಟಕಿಯಲ್ಲಿ ನಿಲ್ಲಿಸಬೇಡ. ಚಾಲುಕ್ಯ ಅರಸ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು 70 ಆಳುತ್ತಿದ್ದಳು. 1047ರಲ್ಲಿ ಗೋಕಾಕದ ಕೋಟೆಗೆ ತಾನೇ ಮುತ್ತಿಗೆ ಹಾಕಿದ್ದಳು. ರಣಭೈರವಿ ಅಂತ ಶಾಸನ ಹೊಗಳುತ್ತದೆ. ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿ ನಿಮ್ಮ ಗದಗ ಪಕ್ಕದ ಡಂಬಳ ಆಳಿದವಳು. ಮೃಣಾಲವತಿ ಆ ಮನೆಯ ಹೆಣ್ಣು. ಆಕೆಯ ಕೈಯಲ್ಲೂ ಒಂದು ನಾಡು ಇತ್ತು ಅಂತ ಇಟ್ಟುಕೋ.

ಸಪ್ತಾಪುರ ಪಿಜಿ, ಧಾರವಾಡ

ಆಡಳಿತ ಸಾಕು, ಪ್ರೀತಿಗೆ ಬನ್ನಿ. ನಾನು ಇಂಥ ಪುಸ್ತಕ ಓದುವುದೇ ಅದಕ್ಕೆ. ಕನ್ನಡದಲ್ಲಿ ಇಲ್ಲ ಅಂತ ಮೊಬೈಲಿನಲ್ಲಿ ಇಂಗ್ಲಿಷಿನದ್ದೇ ಓದುತ್ತೇನೆ. ವೈರಿ ರಾಜಕುಮಾರ, ಬಲವಂತದ ಮದುವೆ, ಆಮೇಲೆ ಪ್ರೀತಿ. ಸಾಕಷ್ಟು ಓಡುತ್ತದೆ. ರಾಷ್ಟ್ರಕೂಟ ಇಂದ್ರ ಚಾಲುಕ್ಯ ರಾಜಕುಮಾರಿಯನ್ನು ಮದುವೆ ಮಂಟಪದಿಂದಲೇ ಎತ್ತಿಕೊಂಡು ಹೋದ ಕಥೆ ಇದೆಯಲ್ಲ. ಅದನ್ನು ಹಾಕಿದರೆ?

ಹಾನಗಲ್ ಅಕ್ಕ

ಭವನಾಗೆಯ ಮಾತು ಹೇಳುತ್ತಿದ್ದೀಯಾ. ಸಂಜಾನ್ ತಾಮ್ರಪಟದಲ್ಲಿದೆ. ಖೇಟಕದಲ್ಲಿ ರಾಕ್ಷಸ ವಿವಾಹ ಅಂತ ಬರೆದಿದ್ದಾರೆ, ಬಹಳ ಹೆಮ್ಮೆಯಿಂದ. ಬರೆಸಿದವರು ಎತ್ತಿಕೊಂಡು ಹೋದವರ ವಂಶದವರೇ ಅಲ್ವಾ. ಅದನ್ನು ಪ್ರೀತಿ ಅಂತ ಬರೆದರೆ ನಾನು ಓದುವುದಿಲ್ಲ. ಅಪಹರಣ ಅಂತಲೇ ಬರೆ, ಓದುತ್ತೇನೆ. ಅವಳ ಮಗ ದಂತಿದುರ್ಗ ಬೆಳೆದು 753ರ ಸುಮಾರಿಗೆ ತಾಯಿಯ ತವರಾದ ಚಾಲುಕ್ಯರ ಸಾಮ್ರಾಜ್ಯವನ್ನೇ ಕೆಡವಿದ. ಆಗ ಭವನಾಗೆ ಬದುಕಿದ್ದರೆ ಏನು ಅಂದುಕೊಂಡಿರಬಹುದು? ಬರೆಯುವವರಿಗೆ ಬೇಕಾದದ್ದು ಆ ಪ್ರಶ್ನೆ, ಕುದುರೆ ಮೇಲಿನ ಸೀನ್ ಅಲ್ಲ.

ಸಪ್ತಾಪುರ ಪಿಜಿ, ಧಾರವಾಡ

ಸರಿ ಅಕ್ಕಾ, ಬಿಟ್ಟೆ. ಮುಂಜ ಮೃಣಾಲವತಿಯ ಸೀನಾದರೂ ಹೇಳಿ. ಪ್ರೀತಿ ಆಯಿತು ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ.

ಬೆಳ್ವೊಲದವ, ಗದಗ

ಮೇರುತುಂಗ ಕೊಟ್ಟಿರುವ ಒಂದು ದೃಶ್ಯ ಇದೆ. ನಾನು ಈ ಕಥೆಗೆ ಬಿದ್ದದ್ದೇ ಅದರಿಂದ.

ಮುಂಜ ಸೆರೆಮನೆಯಲ್ಲಿ ಕನ್ನಡಿ ನೋಡಿಕೊಳ್ಳುತ್ತಿರುತ್ತಾನೆ. ಮೃಣಾಲವತಿ ಹಿಂದಿನಿಂದ ಬಂದು ನಿಲ್ಲುತ್ತಾಳೆ. ಅವನಿಗೆ ಅದು ಗೊತ್ತಿಲ್ಲ. ಕನ್ನಡಿಯಲ್ಲಿ ಅವನ ಮುಖದ ಪಕ್ಕ ಅವಳ ಮುಖವೂ ಬೀಳುತ್ತದೆ. ಅವನದು ಇನ್ನೂ ಪ್ರಾಯದ ಮುಖ. ತನ್ನದಕ್ಕೆ ವಯಸ್ಸಾಗಿದೆ. ಎರಡನ್ನೂ ಒಟ್ಟಿಗೆ ನೋಡಿ ಅವಳ ಮುಖ ಬಾಡುತ್ತದೆ. ಅವನು ಒಂದು ಪದ್ಯ ಹೇಳಿ ಸಮಾಧಾನ ಮಾಡುತ್ತಾನೆ. ಮುಂದೆ ಸುರಂಗದ ಮಾತು ಬಂದಾಗ ಅವಳ ತಲೆಯಲ್ಲಿ ಅದೇ ಕನ್ನಡಿ. ಊರಿಗೆ ಹೋದ ಮೇಲೆ ಈ ಮುದುಕಿಯನ್ನು ಇವನು ಇಟ್ಟುಕೊಳ್ಳುತ್ತಾನಾ? ಹೋಗಿ ಹೇಳಿಬಿಡುತ್ತಾಳೆ.

ಇಷ್ಟು ಚಂದದ ದೃಶ್ಯದಿಂದ ಇಷ್ಟು ಸಣ್ಣ ಕಾರಣ ಹೊರಡುತ್ತದೆ. ಹೆಣ್ಣಿಗೆ ಅಸೂಯೆ, ಆದ್ದರಿಂದ ದ್ರೋಹ. ಮುಗಿಯಿತು. ನನಗೆ ಒಗ್ಗುತ್ತಿಲ್ಲ.

ಮಾಸ್ತರ, ಧಾರವಾಡ

ತಡಿ ತಡಿ. ಆ ಕನ್ನಡಿಗೆ ನನ್ನ ಹತ್ತಿರ ಲೆಕ್ಕ ಇದೆ.

ನೌಕೆ ಬೆಳಕಿನ ವೇಗದ 99 ಶೇಕಡಾ ವೇಗದಲ್ಲಿ ಹೋಗುತ್ತದೆ ಅಂತ ಇಟ್ಟುಕೋ. ಆಗ ಒಳಗಿನ ಗಡಿಯಾರ ಹೊರಗಿನದಕ್ಕಿಂತ ಏಳು ಪಟ್ಟು ನಿಧಾನ. ವೇಗ ಏರಿಸುವುದು ಇಳಿಸುವುದು ಸದ್ಯಕ್ಕೆ ಬಿಡೋಣ. 20 ಬೆಳಕಿನ ವರ್ಷದ ನಿನ್ನ ಗೋದಾವರಿ ದಾಟಲು ಹೊರಗಿನವರ ಲೆಕ್ಕದಲ್ಲಿ 20 ವರ್ಷ ಚಿಲ್ಲರೆ. ಒಳಗಿದ್ದವನಿಗೆ ಮೂರು ವರ್ಷವೂ ಪೂರ್ತಿ ಇಲ್ಲ.

ಮುಂಜ ಹಿಂದೆಯೂ ಬಂದು ಹೋಗಿದ್ದಾನೆ ಅಲ್ವಾ? ಮೊದಲ ಸಲ ಬಂದಾಗ ಅವನಿಗೆ 24. ಮೃಣಾಲವತಿಗೆ 20. ಕೋಟೆಯ ಮೇಲಿನಿಂದ ಅವನನ್ನು ನೋಡಿದಳು. ಅವನು ವಾಪಸ್ ಮಾಳವಕ್ಕೆ ಹೋದ, ತಿರುಗಿ ದಂಡು ಕಟ್ಟಿಕೊಂಡು ಬಂದ. ಅವನಿಗೆ ಈಗ 30. ಅವಳಿಗೆ 60.

ಈಗ ನಿಲ್ಲಿಸು ಇಬ್ಬರನ್ನೂ ಕನ್ನಡಿಯ ಮುಂದೆ.

ಸಪ್ತಾಪುರ ಪಿಜಿ, ಧಾರವಾಡ

ಮಾಸ್ತರೇ!!! ಮೈ ಜುಂ ಅಂತು.

ಗುತ್ತಲ ಹುಡುಗ, ಹಾವೇರಿ

ಹಾಗಾದರೆ ಯುದ್ಧಕ್ಕೆ ಹೋಗುವವರೆಲ್ಲ ಹುಡುಗರಾಗಿಯೇ ಇರುತ್ತಾರೆ. ಊರಲ್ಲಿ ಉಳಿದು ರಾಜ್ಯ ನೋಡಿಕೊಳ್ಳುವವರು ಮುದುಕರಾಗುತ್ತಾರೆ. ಅಕ್ಕ ಹೇಳಿದ ಹಾಗೆ ಮೃಣಾಲವತಿಯ ಕೈಯಲ್ಲಿ ನಾಡು ಇದ್ದರೆ, 40 ವರ್ಷ ಕೆರೆ, ಸುಂಕ, ತಂಟೆ ಎಲ್ಲ ನೋಡಿದವಳು ಆಕೆ. ಅವನು ಬರೀ ಎರಡು ದಂಡಯಾತ್ರೆ ಮಾಡಿದವನು.

ಲೆಂಕರನ್ನೂ ತನ್ನಿ ಅಣ್ಣಾ. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಅಂತ ಮಾತು ಕೊಟ್ಟವರು. 1220ರಲ್ಲಿ ಹೊಯ್ಸಳ ವೀರಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಹೆಂಡತಿ ಮತ್ತು ಸಾವಿರ ಜನರ ಜೊತೆ ಜೀವ ಕೊಟ್ಟ. ಹಳೇಬೀಡಿನಲ್ಲಿ ಗರುಡಗಂಬ ಇದೆ. ನಿಮ್ಮ ಕಥೆಯಲ್ಲಿ ಒಡೆಯ ಸತ್ತ ಸುದ್ದಿ ಲೆಂಕನಿಗೆ ಮುಟ್ಟುವುದೇ 20 ವರ್ಷಕ್ಕೆ. ಅಷ್ಟೂ ದಿನ ಅವನು ಸತ್ತವನ ಹೆಸರಲ್ಲಿ ಕಾವಲು ಕಾಯುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ. ಒಂದು ದಿನ ಬೆಳಕು ಬರುತ್ತದೆ.

ಹಾನಗಲ್ ಅಕ್ಕ

ಇದಕ್ಕೆ ಬೇರೆ ಕಾದಂಬರಿಯೇ ಬೇಕು. ಇದರಲ್ಲಿ ತುರುಕಬೇಡ ತಮ್ಮಾ, ಕೆಡುತ್ತದೆ.

ಬೆಳ್ವೊಲದವ, ಗದಗ

ಲೆಂಕನನ್ನು ಎತ್ತಿಟ್ಟುಕೊಂಡೆ. ಕನ್ನಡಿಯ ಲೆಕ್ಕಕ್ಕೆ ಬರುತ್ತೇನೆ, ರಾತ್ರಿ ಪೂರ್ತಿ ಅದೇ ತಲೆಯಲ್ಲಿದೆ.

ಮಾಸ್ತರೇ, ಇಬ್ಬರೂ ಒಂದೇ ನೌಕೆಯಲ್ಲಿ ಓಡಿಹೋದರೆ ಇಬ್ಬರಿಗೂ ಒಂದೇ ಗಡಿಯಾರ. ಇನ್ನು ಮುಂದೆ ವಯಸ್ಸಿನ ಅಂತರ ಬೆಳೆಯುವುದಿಲ್ಲ. ಅಂದರೆ ಅವಳ ಭಯಕ್ಕೆ ಓಡಿಹೋಗುವುದೇ ಮದ್ದು. ಹಾಗಿದ್ದೂ ಅವಳು ಹೇಳಿಬಿಟ್ಟಳು ಅಂದರೆ ಕಾರಣ ಬೇರೆ.

ಹಾನಗಲ್ ಅಕ್ಕ

ಬೇರೆಯೇ. ಮಾಳವದಲ್ಲಿ ಅವನಿಗೆ ಏನು ಉಳಿದಿರುತ್ತದೆ, ಲೆಕ್ಕ ಹಾಕು. ಬರುವಾಗ 20, ಹೋಗುವಾಗ 20. ಮುಂಜನ ನಂತರ ತಮ್ಮ ಸಿಂಧುರಾಜ ಪಟ್ಟಕ್ಕೆ ಬಂದ, ಅವನ ನಂತರ ಸಿಂಧುರಾಜನ ಮಗ ಭೋಜ. ಭೋಜ ಸಣ್ಣ ಅರಸನಲ್ಲ, ಜನ ಇವತ್ತಿಗೂ ನೆನೆಯುತ್ತಾರೆ. ನಿನ್ನ ಮುಂಜ ಓಡಿಹೋಗಿ ಇಳಿಯುವಷ್ಟರಲ್ಲಿ ಅಲ್ಲಿ ಭೋಜ ಕೂತಿರುತ್ತಾನೆ. ಹಳೇ ಅರಸ ಮೂವತ್ತರ ಪ್ರಾಯದಲ್ಲಿ ಬಂದು ಇದು ನನ್ನ ಸಿಂಹಾಸನ ಅಂದರೆ ಏನಾಗುತ್ತದೆ? ಒಳಜಗಳ. ಇಲ್ಲವೇ ಬಂದ ರಾತ್ರಿಯೇ ವಿಷ.

ಮುಂಜನಿಗೆ ಇದು ಹೊಳೆಯುವುದಿಲ್ಲ. ಅವನ ಮನಸ್ಸಿನಲ್ಲಿ ಊರು ಬಿಟ್ಟು ಮೂರು ವರ್ಷ ಅಷ್ಟೇ. ಮೃಣಾಲವತಿಗೆ ಹೊಳೆಯುತ್ತದೆ. ಅವಳು ಕಾಲವನ್ನು ಕೂತು ಕಳೆದವಳು.

ಸಪ್ತಾಪುರ ಪಿಜಿ, ಧಾರವಾಡ

ಹಾಗಂತ ಹಿಡಿದುಕೊಟ್ಟರೆ ಇಲ್ಲೂ ಸಾಯುತ್ತಾನಲ್ಲ! ಉಳಿಸಲು ಹೇಳಿದಳು ಅಂತ ಮಾಡಬೇಡಿ ಪ್ಲೀಸ್. ಅವಳನ್ನು ಒಳ್ಳೆಯವಳನ್ನಾಗಿ ಮಾಡಲು ಹೋಗಿ ಪೆದ್ದಿ ಮಾಡುತ್ತೀರಿ.

ಬೆಳ್ವೊಲದವ, ಗದಗ

ಉಳಿಸಲು ಅಲ್ಲ. ಸುರಂಗ ತೋಡಿದವರು ಯಾರು ಅಂತ ಯೋಚನೆ ಮಾಡಿ. ಮಾಳವಕ್ಕೆ ಸುದ್ದಿ ಹೋಗಿ ನೆರವು ಬರಲು 40 ವರ್ಷ ಬೇಕು. ಆದ್ದರಿಂದ ಅವರು ಮೊದಲೇ ಕುಂತಳದಲ್ಲಿ ಇದ್ದವರು. ನಾನು ವ್ಯಾಪಾರಿಗಳನ್ನು ತಂದಿದ್ದೇನೆ. ಅಯ್ಯಾವೊಳೆ ಐನೂರ್ವರ ತರಹದ ಒಂದು ಸಂಘ. ಆ ಸಂಘದ ಕೈ ಎಷ್ಟು ಉದ್ದ ಇತ್ತು ಅಂದರೆ 1088ರ ಅವರ ತಮಿಳು ಶಾಸನ ಸುಮಾತ್ರದ ಬರೂಸ್‌ನಲ್ಲಿ ಸಿಕ್ಕಿದೆ. ಸ್ವಂತ ಕಾವಲುಪಡೆ, ಸ್ವಂತ ಬಾವುಟ. ನನ್ನ ಕಥೆಯಲ್ಲಿ ಅವರ ಒಂದು ಸರಕು ನೌಕೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮಿನಷ್ಟು ಉದ್ದ. ಅದರ ಹೊಟ್ಟೆಯೇ ಸುರಂಗ.

ಐನೂರ್ವರಿಗೆ ಮುಂಜನ ಮೇಲೆ ಪ್ರೀತಿ ಏನೂ ಇಲ್ಲ. ಹಳೇ ಅರಸನನ್ನು ಮಾಳವದಲ್ಲಿ ಇಳಿಸಿದರೆ ಅಲ್ಲಿ ಜಗಳ ಏಳುತ್ತದೆ. ಎರಡೂ ಕಡೆಯವರಿಗೆ ಇವರೇ ಕಬ್ಬಿಣ, ಕುದುರೆ, ಸಾಲ ಕೊಡುತ್ತಾರೆ. ಮೃಣಾಲವತಿ 40 ವರ್ಷ ಸುಂಕದ ಲೆಕ್ಕ ನೋಡಿದವಳು. ಆ ನೌಕೆಯ ಸರಕಿನ ಪಟ್ಟಿ ನೋಡಿದ ಕೂಡಲೇ ಅವಳಿಗೆ ಆಟ ತಿಳಿಯುತ್ತದೆ. ಜೊತೆಗೆ ಹೋದರೆ ತಾನೂ ಆ ಸರಕಿನಲ್ಲಿ ಒಂದು, ಚಾಲುಕ್ಯರ ಒತ್ತೆಯಾಳು. ಪ್ರೀತಿ ಸುಳ್ಳಲ್ಲ. ಆದರೆ ನಾಡು ಅವಳದು.

ಕನ್ನಡಿಯ ದೃಶ್ಯ ಇರುತ್ತದೆ. ಅವಳು ಅದನ್ನು ನೋಡಿ ಅಳುವುದಿಲ್ಲ. ಲೆಕ್ಕ ಹಾಕುತ್ತಾಳೆ.

ಸುಮ್ನೆ ಓದುವವ, ಹುಬ್ಬಳ್ಳಿ

ಈಗ ಸ್ವಲ್ಪ ಓದಬೇಕು ಅನಿಸುತ್ತಿದೆ. ಪ್ಲಾಟ್‌ಫಾರ್ಮಿಗಾಗಿ ಅಂತ ತಿಳಿಯಬೇಡಿ.

ಆದರೆ ಭಿಕ್ಷೆ ಬೇಡಿಸುವುದು ಹೇಗೆ? ಆಕಾಶದಲ್ಲಿ ಯಾರ ಮನೆ ಬಾಗಿಲಿಗೆ ಹೋಗುತ್ತಾನೆ?

ಗುತ್ತಲ ಹುಡುಗ, ಹಾವೇರಿ

ಉಸಿರಿನ ಭಿಕ್ಷೆ. ಗಾಳಿಯಿಲ್ಲದ ಉಪಗ್ರಹದಲ್ಲಿ, ನನ್ನ ಭೂಮಿಯ ದೊರೆಯ ಊರಲ್ಲೇ. ಮುಂಜನಿಗೆ ಒಂದು ಗಂಟೆಗೆ ಆಗುವಷ್ಟು ಆಮ್ಲಜನಕ ಕೊಟ್ಟು ಬೀದಿಗೆ ಬಿಡುತ್ತಾರೆ. ಪ್ರತಿ ಬಾಗಿಲಲ್ಲೂ ಸ್ವಲ್ಪ ಸ್ವಲ್ಪ ಬೇಡಬೇಕು. ಕೊಡುವವರೂ ತಮ್ಮ ಪಾಲಿನಿಂದಲೇ ಕೊಡಬೇಕು. ಬಡವರು ಕೊಡುತ್ತಾರೆ, ಉಜ್ಜಯಿನಿ ಪುರವರಾಧೀಶ್ವರನಂಥವನು ಬಾಗಿಲು ಹಾಕಿಕೊಳ್ಳುತ್ತಾನೆ.

ಹಾನಗಲ್ ಅಕ್ಕ

ಇದು ಬಂತು ನೋಡು. ಅಲ್ಲೊಬ್ಬಳು ಅತ್ತಿಮಬ್ಬೆಯಂಥವಳು ಇರಲಿ. ಕಾಲವೂ ಒಂದೇ, ಆಕೆಯ ಮಾವ ದಲ್ಲಪ, ಗಂಡ ನಾಗದೇವ, ಇಬ್ಬರೂ ಚಾಲುಕ್ಯರ ಪಾಳೆಯದವರು. ಗಂಡ ತೀರಿಕೊಂಡ. ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಈಕೆ ಉಳಿದಳು, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟಳು, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಉಕ್ಕಿದ ಗೋದಾವರಿ ಆಕೆಗಾಗಿ ತಗ್ಗಿತು ಅಂತ ಐತಿಹ್ಯ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಅಂಥ ಒಬ್ಬಳ ಬಾಗಿಲಿಗೆ ವೈರಿ ಅರಸ ಉಸಿರು ಬೇಡಲು ಬರುತ್ತಾನೆ. ಕೊಡುತ್ತಾಳೋ ಇಲ್ಲವೋ ನೀನೇ ಬರೆ. ನಾನಾದರೆ ಕೊಡಿಸುತ್ತೇನೆ.

ಮಾಸ್ತರ, ಧಾರವಾಡ

ಎಲ್ಲರೂ ಮುಗಿಸುವ ಮೊದಲು, ಆಗ ಬಿಟ್ಟಿದ್ದ ಲೆಕ್ಕ ಹೇಳಿಬಿಡುತ್ತೇನೆ. ಅಷ್ಟು ವೇಗದ ನೌಕೆ ಗಕ್ಕನೆ ನಿಲ್ಲುವುದಿಲ್ಲ. ಒಳಗಿನವರಿಗೆ ಭೂಮಿಯ ಮೇಲೆ ನಿಂತಷ್ಟೇ ಭಾರ ಆಗುವ ಹಾಗೆ ವೇಗ ಇಳಿಸಿದರೆ, ಅವರ ಗಡಿಯಾರದಲ್ಲಿ ನಿಲ್ಲುವುದಕ್ಕೇ ಎರಡೂವರೆ ವರ್ಷ ಬೇಕು. ಏರಿಸಲೂ ಅಷ್ಟೇ. ಹೋಗಿ ಬರುವುದಕ್ಕೆ ಹೊರಗೆ ಸುಮಾರು 44 ವರ್ಷ, ಒಳಗೆ ಹನ್ನೆರಡೂವರೆ. ಮುಂಜನನ್ನು 36 ಮಾಡು, ಅವಳನ್ನು 64. ಕನ್ನಡಿಗೆ ಏನೂ ಧಕ್ಕೆ ಇಲ್ಲ.

ಇನ್ನೊಂದು ಇದೆ. ವೇಗ ಇಳಿಸುವಾಗ ಎಂಜಿನ್ನಿನ ಬೆಂಕಿ ಮುಂದಕ್ಕೆ, ಅಂದರೆ ತೈಲಪನ ಕಡೆಗೇ ಉರಿಯುತ್ತದೆ. ಅದು ಶುರುವಾಗುವುದು ಆರು ಬೆಳಕಿನ ವರ್ಷದ ಆಚೆ. ಬೆಳಕು ನೌಕೆಗಿಂತ ಮೊದಲು ಮುಟ್ಟುತ್ತದೆ, ಸುಮಾರು 11 ತಿಂಗಳು ಮೊದಲು. ಅಷ್ಟು ದಿನ ಆಕಾಶದಲ್ಲಿ ಒಂದು ಹೊಸ ನಕ್ಷತ್ರ ಕಾಣುತ್ತದೆ. ತೈಲಪ ಸಾಮಂತರನ್ನೆಲ್ಲ ಕರೆಸಿ ಸಜ್ಜಾಗಿ ಕೂರಲು ಸಾಕು. ಕದ್ದು ದಾಳಿ ಮಾಡುವುದು ಆಗುವ ಮಾತಲ್ಲ.

ಬೆಳ್ವೊಲದವ, ಗದಗ

ಮಾಸ್ತರೇ, ರುದ್ರಾದಿತ್ಯ ಗೋದಾವರಿ ದಾಟಬೇಡಿ ಅಂದದ್ದು ಯಾಕೆ ಅಂತ ನನಗೆ ಕಾರಣವೇ ಇರಲಿಲ್ಲ. ಬರೀ ಅಪಶಕುನ ಅಂತ ಬರೆದಿದ್ದೆ. ಈಗ ಅವನು ಈ ಲೆಕ್ಕ ಹಿಡಿದುಕೊಂಡು ಆಸ್ಥಾನಕ್ಕೆ ಬರುತ್ತಾನೆ, ಮುಂಜ ಅದನ್ನು ಓದದೆ ಮಡಚಿಡುತ್ತಾನೆ. ಮೂರನೇ ಅಧ್ಯಾಯ ಅಲ್ಲಿಂದಲೇ ಶುರು. ಬರೆದು ಇಲ್ಲೇ ಹಾಕುತ್ತೇನೆ, ಅಂಕಿ ನೀವು ತಿದ್ದಬೇಕು.

ಸಪ್ತಾಪುರ ಪಿಜಿ, ಧಾರವಾಡ

ಕನ್ನಡಿ ಎಷ್ಟನೇ ಅಧ್ಯಾಯ ಅಂತ ಮೊದಲೇ ಹೇಳಿಬಿಡಿ ಅಣ್ಣಾ. ಪರೀಕ್ಷೆ ಹತ್ತಿರ ಇದೆ, ಅದನ್ನು ಓದಿದ ದಿನ ಬೇರೆ ಏನೂ ಓದಲು ಆಗುವುದಿಲ್ಲ.

ಬೆಳ್ವೊಲದವ, ಗದಗ

ಒಂಬತ್ತು.